ತಪ್ಪುಕಾಣಿಕೆಯ ಡಬ್ಬ

ಕೊಳ್ಳುವವರು ಕುಡಿಯುವುದಿಲ್ಲ; ಕುಡಿಯುವವರಿಗೆ ಮಾತು ಬರುವುದಿಲ್ಲ. ಇಷ್ಟು ವಿಚಿತ್ರವಾದ ವ್ಯಾಪಾರ ಪೇಟೆಯಲ್ಲಿ ಇನ್ನೊಂದಿರಲಾರದು. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಬಹುದು, ಮಾವಿನಹಣ್ಣನ್ನು ತೊಟ್ಟಿನ ಬಳಿ ಮೂಸಬಹುದು, ಅಕ್ಕಿಯ ನಾಲ್ಕು ಕಾಳನ್ನು ಬಾಯಿಗೆ ಹಾಕಿ ಕಟುಂ ಎನ್ನಿಸಬಹುದು. ಎಳೆಗೂಸಿನ ಹಾಲಿನ ಪುಡಿಯನ್ನು ಮಾತ್ರ ಹಾಗೆಲ್ಲ ಪರೀಕ್ಷಿಸಿ ತರುವಂತಿಲ್ಲ. ಅದು ಮೆಡಿಕಲ್ ಸ್ಟೋರಿನ ಕೌಂಟರಿನಾಚೆ, ಗಾಜಿನ ಬೀರುವಿನ ಮೇಲಿನ ಸಾಲಿನಲ್ಲಿ, ಕೆಮ್ಮಿನ ಔಷಧಿಗಳಿಗಿಂತ ಎತ್ತರದಲ್ಲಿ ಕೂತಿರುತ್ತದೆ. ಅಂಗಡಿಯವನು ‘ಯಾವುದು ಕೊಡ್ಲಿ ಸಾರ್?’ ಎಂದು ಕೇಳುತ್ತಾನೆ. ಉತ್ತರ ಹೇಳಬೇಕಾದ ನಿಜವಾದ ಗಿರಾಕಿ ಮನೆಯ ತೊಟ್ಟಿಲಲ್ಲಿ ಹೆಬ್ಬೆರಳು ಚೀಪುತ್ತ ಮಲಗಿರುತ್ತದೆ. ಕೇಳೋಣವೆಂದರೆ, ಡಬ್ಬ ಹಿಡಿಸಿದರೂ ಅದು ಅಳುತ್ತದೆ, ಹಿಡಿಸದಿದ್ದರೂ ಅಳುತ್ತದೆ.

ನಮ್ಮ ಅಕ್ಕನ ಮಗಳು ಬಾಣಂತನಕ್ಕೆಂದು ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದಾಗ ಮಗುವಿನ ತೂಕ ಏರಬೇಕಾದಷ್ಟು ಏರಲಿಲ್ಲ. ಎದೆಹಾಲು ಕೊಡುತ್ತಲೇ ಇರಿ, ಜೊತೆಗೆ ಸ್ವಲ್ಪ ಡಬ್ಬದ ಹಾಲೂ ಇರಲಿ ಎಂದು ಮಕ್ಕಳ ಡಾಕ್ಟರು ಚೀಟಿ ಬರೆದುಕೊಟ್ಟರು. ಡಾಕ್ಟರ ಕೈಬರಹ ಓದಲಾಗದೆ ಒದ್ದಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಈ ಚೀಟಿಯ ಅಕ್ಷರ ಮುತ್ತಿನಂತಿತ್ತು; ತೊಂದರೆ ಇದ್ದದ್ದು ಬರೆಯದೆ ಬಿಟ್ಟ ಅಕ್ಷರಗಳಲ್ಲಿ. ‘ಇನ್‌ಫೆಂಟ್ ಫಾರ್ಮುಲಾ, ಸ್ಟೇಜ್ 1’ ಎಂದಷ್ಟೇ ಇತ್ತು. ಯಾವ ಕಂಪನಿಯದು? ‘ಪಾಪ, ಮರೆತಿರಬೇಕು’ ಎಂದರು ಭಾವ. ‘ಇಷ್ಟು ಫೀಸು ತಗೊಂಡು ಹೆಸರು ಬರೆಯೋಕೆ ಏನು ಧಾಡಿ?’ ಎಂದಳು ಅಕ್ಕ.

ಡಾಕ್ಟರು ಮರೆತಿರಲಿಲ್ಲ. ನಮ್ಮ ದೇಶದಲ್ಲಿ 1992ರಿಂದ ಇದಕ್ಕೊಂದು ಕಾಯಿದೆಯಿದೆ. ಎದೆಹಾಲಿಗೆ ಬದಲಿಯಾಗಿ ಮಾರುವ ಹಾಲು, ಹಾಲೂಡಿಸುವ ಬಾಟಲಿ, ಶಿಶು ಆಹಾರ ಈ ಮೂರನ್ನೂ ಅದು ಹದ್ದುಬಸ್ತಿನಲ್ಲಿಟ್ಟಿದೆ; 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಜಾಹೀರಾತು ಕೊಡುವಂತಿಲ್ಲ, ಮಾದರಿ ಡಬ್ಬ ಹಂಚುವಂತಿಲ್ಲ, ಆಸ್ಪತ್ರೆಯವರ ಕೈಯಲ್ಲಿ ಪ್ರಚಾರ ಮಾಡಿಸುವಂತಿಲ್ಲ. ಡಬ್ಬದ ಮೇಲೆ ತಾಯಿಯ ಚಿತ್ರವೂ ಕೂಡದು, ಮಗುವಿನ ಚಿತ್ರವೂ ಕೂಡದು. ಹೀಗಾಗಿ ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಮುದ್ದು ಮಗುವಿದೆ, ಪೌಡರಿನ ಡಬ್ಬಿಯ ಮೇಲೆ ಮಗುವಿದೆ, ಸೋಪಿನ ಮೇಲೆ ಮಗುವಿದೆ, ಮಗುವೇ ಕುಡಿಯುವ ಹಾಲಿನ ಡಬ್ಬದ ಮೇಲೆ ಮಾತ್ರ ಮಗುವಿಲ್ಲ! ಅದರ ಬದಲು ದಪ್ಪಕ್ಷರದಲ್ಲಿ, ತಾಯಿಯ ಹಾಲೇ ನಿಮ್ಮ ಮಗುವಿಗೆ ಅತ್ಯುತ್ತಮ ಎಂಬ ಮಾತಿರಬೇಕು. ತನ್ನ ಸರಕಿಗಿಂತ ಮನೆಯಲ್ಲಿರುವುದೇ ಒಳ್ಳೆಯದು ಎಂದು ಮುಖದ ಮೇಲೆ ಬರೆದುಕೊಂಡು ಮಾರಾಟಕ್ಕೆ ಕೂರುವ ಸರಕು ಇದೊಂದೇ ಇದ್ದೀತು.

ಚಿತ್ರ ಬೇಡವೆಂದರೆ ಕಂಪನಿಗಳು ಸುಮ್ಮನಿರುತ್ತವೆಯೇ? ಬಂಗಾರದ ಬಣ್ಣ ಬಂತು, ಗುರಾಣಿಯಾಕಾರದ ಗುರುತು ಬಂತು, ಹೆಸರಿನ ಮುಂದೆ ‘ಪ್ರೊ’, ‘ಗೋಲ್ಡ್’, ‘ಪ್ಲಸ್’, ‘ಅಡ್ವಾನ್ಸ್’ ಬಂದವು. ಅವುಗಳ ಹಿಂದೆ ದೊಡ್ಡ ಅಕ್ಷರಗಳ ಮೆರವಣಿಗೆ: ಡಿಎಚ್‌ಎ, ಎಆರ್‌ಎ, ಎಚ್‌ಎಂಒ. ಇಂಥ ಸಂದರ್ಭದಲ್ಲಿ ಹಿಂದಿನವರು ಪಕ್ಕದ ಮನೆಯವರನ್ನು ಕೇಳುತ್ತಿದ್ದರು. ನಮ್ಮ ಅಳಿಯಂದಿರು ಸಾಫ್ಟ್‌ವೇರಿನವರು; ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆ ಹಾಸಿದರು. ಲ್ಯಾಕ್ಟೋಜೆನ್, ನ್ಯಾನ್, ಸಿಮಿಲ್ಯಾಕ್, ಆಪ್ಟಮಿಲ್, ಡೆಕ್ಸೊಲ್ಯಾಕ್ ಎಂದು ಅಡ್ಡಸಾಲಿನಲ್ಲಿ ಹೆಸರುಗಳು. ಉದ್ದಸಾಲಿನಲ್ಲಿ ಶಕ್ತಿ, ಪ್ರೋಟೀನು, ಕೊಬ್ಬು, ಕಬ್ಬಿಣ, ಸುಣ್ಣ, ನೂರು ಗ್ರಾಮಿನ ದರ. ಹಸಿರು ಬಣ್ಣ ಒಳ್ಳೆಯದಕ್ಕೆ, ಕೆಂಪು ಕೆಟ್ಟದ್ದಕ್ಕೆ. ನಾನು ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರಾದ್ದರಿಂದ ನನ್ನನ್ನು ತಜ್ಞನೆಂದು ಪಕ್ಕದಲ್ಲಿ ಕೂರಿಸಿಕೊಂಡರು. ರಾತ್ರಿ ಊಟ ತಡವಾಯಿತು. ಕೊನೆಗೆ ಅಳಿಯಂದಿರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ‘ಮಾಮ, ಎಲ್ಲಾ ಒಂದೇ ಥರ ಬರ್ತಿದೆಯಲ್ಲ! ಎಲ್ಲೂ ಕೆಂಪೇ ಇಲ್ಲ’ ಎಂದರು. ಅವರ ದನಿಯಲ್ಲಿ ನೆಮ್ಮದಿ ಇರಲಿಲ್ಲ, ಮೋಸಹೋದವರ ಬೇಸರವಿತ್ತು.

ಅವೆಲ್ಲ ಒಂದೇ ಥರ ಇರುವುದು ಕಾಕತಾಳೀಯವಲ್ಲ. 1981ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆ ಶಿಶುಹಾಲಿನ ಮಾನಕವನ್ನು ಹೊರಡಿಸಿತು; ಆಮೇಲೆ ಹಲವು ಸಲ ಪರಿಷ್ಕರಿಸಿತು. ಕಲಸಿದ ನೂರು ಮಿಲಿಲೀಟರ್ ಹಾಲಿನಲ್ಲಿ 60ರಿಂದ 70 ಕಿಲೊಕ್ಯಾಲೊರಿ ಶಕ್ತಿ ಇರಬೇಕು. ನೂರು ಕಿಲೊಕ್ಯಾಲೊರಿಗೆ ಪ್ರೋಟೀನು 1.8 ಗ್ರಾಮಿಗೆ ಇಳಿಯಬಾರದು, 3 ಗ್ರಾಮಿಗೆ ಮೀರಬಾರದು, ಕೊಬ್ಬು 4.4ರಿಂದ 6 ಗ್ರಾಂ. ವಿಟಮಿನ್ನುಗಳಿಗೂ ಖನಿಜಗಳಿಗೂ ಹೀಗೆಯೇ ಒಂದೊಂದಕ್ಕೂ ಲೆಕ್ಕ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ಶಿಶು ಆಹಾರದ ನಿಯಮಗಳೂ ಇದೇ ಜಾಡಿನವು. ಅಂದರೆ ಅಳಿಯಂದಿರು ನಡುರಾತ್ರಿಯವರೆಗೆ ಕೂತು ಹೋಲಿಸಿದ್ದನ್ನು ತಜ್ಞರ ಸಮಿತಿಗಳು ಮೊದಲೇ ಹೋಲಿಸಿ, ಜಗಳವಾಡಿ, ಬೇಲಿ ಹಾಕಿ ಮುಗಿಸಿದ್ದವು. ಆ ಬೇಲಿಯೊಳಗೆ ಅಗ್ಗದ್ದಕ್ಕೂ ದುಬಾರಿಯದಕ್ಕೂ ಓಡಾಡಲು ಉಳಿದ ಜಾಗ ಬಹಳ ಕಡಿಮೆ.

ಆ ಹೊತ್ತಿಗೆ ಊಟದ ಮನೆಯಿಂದ ಅಕ್ಕ, ‘ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ರೆ ಆಗಲ್ವೇನೋ? ನಿನ್ನನ್ನ ಬೆಳೆಸಲಿಲ್ವಾ?’ ಎಂದು ಕೇಳಿದಳು. ಮೇಷ್ಟ್ರನ್ನು ಹೀಗೆ ಕೆಣಕಬಾರದು, ಪಾಠ ಶುರುವಾಗಿಬಿಡುತ್ತದೆ. ಹಸುವಿನ ಹಾಲು ಕರುವಿನ ಲೆಕ್ಕಕ್ಕೆ ತಯಾರಾದದ್ದು. ಕರು ಹುಟ್ಟಿದ ಎರಡು ತಿಂಗಳೊಳಗೆ ತನ್ನ ತೂಕವನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ನಮ್ಮ ಕೂಸಿಗೆ ಅದಕ್ಕೆ ಐದು ತಿಂಗಳು ಬೇಕು. ಅದಕ್ಕೇ ಹಸುವಿನ ಹಾಲಿನಲ್ಲಿ ಪ್ರೋಟೀನು ತಾಯಿಹಾಲಿನದಕ್ಕಿಂತ ಮೂರು ಪಟ್ಟು, ಉಪ್ಪಿನಂಶವೂ ಹೆಚ್ಚು, ಸಿಹಿ ಕಡಿಮೆ. ನೀರು ಬೆರೆಸಿದರೆ ಪ್ರೋಟೀನು ಹದಕ್ಕೆ ಬರುತ್ತದೆ, ಅಷ್ಟರಲ್ಲಿ ಶಕ್ತಿಯೂ ನೀರಾಗಿರುತ್ತದೆ. ಮೊದಲೇ ಕಡಿಮೆಯಿದ್ದ ಕಬ್ಬಿಣ ಇನ್ನೂ ಕಡಿಮೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೇಸೀನು, ಹೊಟ್ಟೆಯಲ್ಲಿ ಗಟ್ಟಿ ಗಡ್ಡೆ ಕಟ್ಟುವಂಥದ್ದು; ತಾಯಿಹಾಲಿನಲ್ಲಿ ಅದು ನಲವತ್ತರ ಸುಮಾರು, ಉಳಿದದ್ದು ಹಗುರವಾದ ವೇ ಪ್ರೋಟೀನು. ಫಾರ್ಮುಲಾ ತಯಾರಿಸುವವರು ಮಾಡುವುದೆಲ್ಲ ಈ ಅಂತರ ತುಂಬುವ ಕೆಲಸ: ಕೆನೆ ತೆಗೆದ ಹಾಲಿಗೆ ಚೀಸ್ ಮಾಡುವಾಗ ಉಳಿಯುವ ನೀರನ್ನು ಅದರ ಉಪ್ಪು ತೆಗೆದು ಬೆರೆಸುತ್ತಾರೆ, ಹಾಲಿನ ಸಕ್ಕರೆ ಸೇರಿಸುತ್ತಾರೆ, ಹಾಲಿನ ಕೊಬ್ಬಿನ ಜಾಗಕ್ಕೆ ಹೆಚ್ಚಾಗಿ ಸಸ್ಯದೆಣ್ಣೆಗಳನ್ನು ತರುತ್ತಾರೆ, ವಿಟಮಿನ್ನು ಖನಿಜ ಹಾಕಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಪುಡಿ ಮಾಡುತ್ತಾರೆ. ‘ಸಾಕು, ಸಾರು ಆರಿಹೋಯ್ತು’ ಎಂದಳು ಅಕ್ಕ.

ಈ ವಿದ್ಯೆಯ ಆದಿಪುರುಷರಲ್ಲಿ ಒಬ್ಬ ನಮ್ಮ ಕಸುಬಿನವನೇ ಎಂಬುದು ನನಗೆ ಹೆಮ್ಮೆ. ಡಿಗ್ರಿ ಕಾಲೇಜಿನ ಪ್ರಯೋಗಾಲಯದಲ್ಲಿ ಕಾಲಿಟ್ಟವರೆಲ್ಲ ಲೀಬಿಗ್ ಕಂಡೆನ್ಸರ್ ಎಂಬ ಗಾಜಿನ ಕೊಳವೆಯನ್ನು ಒಮ್ಮೆಯಾದರೂ ಒಡೆದಿರುತ್ತಾರೆ. ಆ ಹೆಸರಿನ ಜರ್ಮನ್ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಹಸುವಿನ ಹಾಲು, ಗೋಧಿ ಹಿಟ್ಟು, ಮೊಳಕೆ ಬಾರ್ಲಿಯ ಹಿಟ್ಟು, ಚಿಟಿಕೆ ಪೊಟ್ಯಾಸಿಯಂ ಬೈಕಾರ್ಬೊನೇಟ್ ಸೇರಿಸಿ ಕೂಸುಗಳಿಗೊಂದು ಸೂಪು ಮಾಡಿದ. ಅಷ್ಟರಲ್ಲೇ, 1867ರಲ್ಲಿ, ಸ್ವಿಟ್ಜರ್ಲೆಂಡಿನ ವೆವೆ ಊರಿನಲ್ಲಿ ಔಷಧಿ ತಯಾರಿಸುತ್ತಿದ್ದ ಆನ್ರಿ ನೆಸ್ಲೆ ಹಾಲು, ಗೋಧಿ ರಸ್ಕು, ಸಕ್ಕರೆ ಸೇರಿಸಿ ನೀರಿನಲ್ಲಿ ಕಲಸಿದರೆ ಸಾಕೆನ್ನುವ ಪುಡಿಯನ್ನು ಮಾರಾಟಕ್ಕೆ ತಂದ. ನ್ಯೂಜಿಲೆಂಡಿನಲ್ಲಿ ಹಾಲಿನ ಪುಡಿ ಮಾರುತ್ತಿದ್ದವರು 1906ರಲ್ಲಿ ಗ್ಲಾಕ್ಸೋ ಎಂಬ ಹೆಸರು ನೋಂದಾಯಿಸಿದರು. ಇವತ್ತು ಜಗತ್ತಿನ ದೊಡ್ಡ ಔಷಧಿ ಕಂಪನಿಗಳಲ್ಲೊಂದರ ಹೆಸರಿನ ಮೊದಲಕ್ಷರದಲ್ಲಿ ಆ ಹಾಲಿನ ಡಬ್ಬ ಇನ್ನೂ ಕೂತಿದೆ. ನಾನು ಚಿಕ್ಕವನಿದ್ದಾಗ ಕೆನ್ನೆ ತುಂಬಿದ ಮಗುವನ್ನು ಕಂಡರೆ ನಮ್ಮ ಬೀದಿಯ ಹೆಂಗಸರು ‘ಒಳ್ಳೆ ಗ್ಲಾಕ್ಸೋ ಬೇಬಿ ಹಂಗಿದೆ’ ಎನ್ನುತ್ತಿದ್ದರು. ಮರುಕ್ಷಣವೇ ದೃಷ್ಟಿಯಾದೀತೆಂದು ನೆಲಕ್ಕೆ ಉಗುಳುವ ಶಾಸ್ತ್ರ. ನಮ್ಮ ಮನೆಯಲ್ಲಿ ಗ್ಲಾಕ್ಸೋ ಕುಡಿದವರು ಬೆಳೆದು, ಓದಿ, ಕೆಲಸಕ್ಕೆ ಸೇರಿದ ಮೇಲೂ ಡಬ್ಬ ಅಡುಗೆಮನೆಯಲ್ಲಿ ಹುರಿಗಡಲೆ ತುಂಬಿಕೊಂಡು ಕೂತಿತ್ತು.

ಆ ಕಾಲಕ್ಕೆ ಬ್ರ್ಯಾಂಡುಗಳನ್ನು ಹೋಲಿಸುವ ಕಷ್ಟವಿರಲಿಲ್ಲ. ಡಬ್ಬ ಸಿಕ್ಕುವುದೇ ಕಷ್ಟವಾಗಿತ್ತು. ವಿದೇಶಿ ವಿನಿಮಯಕ್ಕೆ ತತ್ವಾರ, ಆಮದಿಗೆ ಕಡಿವಾಣ. ನಮ್ಮಲ್ಲಿ ಎಮ್ಮೆ ಹಾಲು ಧಾರಾಳವಾಗಿತ್ತು, ಆದರೆ ಅದರಿಂದ ಕೂಸಿನ ಆಹಾರ ಮಾಡಲಾಗದೆಂದು ದೊಡ್ಡ ದೊಡ್ಡವರೇ ಹೇಳುತ್ತಿದ್ದರು. ಹಸುವಿನದಕ್ಕಿಂತ ಕೊಬ್ಬು ಹೆಚ್ಚು, ಗಡ್ಡೆ ಇನ್ನೂ ಗಟ್ಟಿ. ಆ ಮಾತನ್ನು ಸುಳ್ಳು ಮಾಡಿದ್ದು ನಮ್ಮೂರೇ. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಕಂಡುಹಿಡಿಯಿತು. ಗುಜರಾತಿನ ಆನಂದ್‌ನಲ್ಲಿ ವರ್ಗೀಸ್ ಕುರಿಯನ್ನರ ಅಮುಲ್ ಅದನ್ನು ಡಬ್ಬಕ್ಕೆ ತುಂಬಿ ದೇಶಕ್ಕೆ ಹಂಚಿತು. ಸಂಜೆ ನಾನು ಆ ಕಟ್ಟಡದ ಮುಂದೆ ವಾಕಿಂಗ್ ಹೋಗುವಾಗ, ರಾಜಕುಮಾರಿಗೆಂದು ಕಟ್ಟಿಸಿದ ಅರಮನೆಯಲ್ಲಿ ಕೂತು ಎಮ್ಮೆಯ ಚಿಂತೆ ಮಾಡಿದ ವಿಜ್ಞಾನಿಗಳನ್ನು ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನನ್ನ ವಾರಿಗೆಯ ಎಷ್ಟೋ ಜನ ಆ ಎಮ್ಮೆಗಳ ಋಣದಲ್ಲಿದ್ದಾರೆ. ಕೆಲವರ ನಡಿಗೆಯಲ್ಲಿ ಅದು ಕಾಣುತ್ತದೆ ಕೂಡ.

ಎಕ್ಸೆಲ್ ಹಾಳೆಗೆ ಹೋಗೋಣ. ಮೊದಲ ಸಾಲುಗಳೆಲ್ಲ ಸಮವಾದ ಮೇಲೆ ದರದಲ್ಲಿ ಮಾತ್ರ ಒಂದಕ್ಕೆ ಎರಡರಷ್ಟು ಅಂತರವಿತ್ತು. ‘ಹಾಗಾದ್ರೆ ಆ ದುಡ್ಡು ಯಾತಕ್ಕೆ?’ ಎಂದು ಅಳಿಯಂದಿರು ದೊಡ್ಡಕ್ಷರಗಳ ಮೆರವಣಿಗೆಗೆ ಕೈಹಾಕಿದರು. ಮೊದಲನೆಯದು ಡಿಎಚ್‌ಎ. ಇದು ಮಿದುಳಿನಲ್ಲೂ ಕಣ್ಣಿನಲ್ಲೂ ಇರುವ ಒಂದು ಕೊಬ್ಬು, ತಾಯಿಹಾಲಿನಲ್ಲೂ ಇರುತ್ತದೆ. ಡಬ್ಬಕ್ಕೆ ಸಾಮಾನ್ಯವಾಗಿ ಕಡಲ ಪಾಚಿಯಿಂದಲೋ ಮೀನೆಣ್ಣೆಯಿಂದಲೋ ಬರುತ್ತದೆ. ಯುರೋಪಿನಲ್ಲಿ 2020ರಿಂದ ಇದು ಕಡ್ಡಾಯ. ಹಾಗೆಂದು ಇದನ್ನು ಕುಡಿದ ಮಗು ಜಾಣವಾಗುತ್ತದೆಯೇ? ದಿನ ತುಂಬಿ ಹುಟ್ಟಿದ ಮಕ್ಕಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ತೂಗಿದ ಕಾಕ್ರೇನ್ ವಿಮರ್ಶೆಗೆ ಬುದ್ಧಿಯಲ್ಲಾಗಲಿ ದೃಷ್ಟಿಯಲ್ಲಾಗಲಿ ಖಚಿತವಾಗಿ ಹೇಳುವಂಥ ಲಾಭ ಕಾಣಲಿಲ್ಲ. ತಾಯಿಹಾಲಿನಲ್ಲೇ ಡಿಎಚ್‌ಎ ಅವರವರ ಊಟದಂತೆ ಏರುಪೇರಾಗುತ್ತದೆ. ಮೀನು ತಿನ್ನುವ ಕಡೆ ಹೆಚ್ಚು, ಸೊಪ್ಪಿನ ಹುಳಿಯವರಲ್ಲಿ ಕಡಿಮೆ. ಈ ಲೆಕ್ಕದಲ್ಲಿ ಮಂಗಳೂರಿನವರು ನಮಗಿಂತ ಬುದ್ಧಿವಂತರಾಗಬೇಕು. ಅವರು ಹೌದೆನ್ನುತ್ತಾರೆ. ಆದರೆ ಅದಕ್ಕೆ ಅವರು ಮೀನನ್ನು ಸಾಕ್ಷಿಗೆ ಕರೆದದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಎಚ್‌ಎಂಒ. ಇದರ ಕಥೆ ಇನ್ನೂ ಸೊಗಸು. ತಾಯಿಹಾಲಿನಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಯ ವಿಶೇಷ ಸಕ್ಕರೆಗಳಿವೆ. ಇವು ಮಗುವಿಗೆ ಜೀರ್ಣವಾಗುವುದಿಲ್ಲ. ಮಗುವಿನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಗಳು ಇವನ್ನು ತಿನ್ನುತ್ತವೆ. ತಾಯಿ ಮಗುವಿಗಷ್ಟೇ ಅಲ್ಲ, ಮಗುವಿನ ಹೊಟ್ಟೆಯ ಬಾಡಿಗೆದಾರರಿಗೂ ಅಡುಗೆ ಮಾಡುತ್ತಾಳೆ ಎಂದಾಯಿತು. ಆ ನೂರೈವತ್ತರಲ್ಲಿ ಒಂದನ್ನೋ ಕೆಲವನ್ನೋ ಈಗ ಕಾರ್ಖಾನೆಯಲ್ಲಿ, ತಳಿ ಮಾರ್ಪಡಿಸಿದ ಬ್ಯಾಕ್ಟೀರಿಯಗಳ ಕೈಯಲ್ಲಿ ಮಾಡಿಸಿ, ದುಬಾರಿ ಡಬ್ಬಗಳಿಗೆ ಸೇರಿಸುತ್ತಾರೆ. ಹಾಗೆ ಸೇರಿಸುವುದರಲ್ಲಿ ಮುಖ್ಯವಾದದ್ದು 2-ಎಫ್‌ಎಲ್ ಎಂಬ ಸಕ್ಕರೆ. ತಮಾಷೆಯೆಂದರೆ, ಐವರು ತಾಯಂದಿರಲ್ಲಿ ಸುಮಾರು ಒಬ್ಬರ ಹಾಲಿನಲ್ಲಿ ಈ ಸಕ್ಕರೆ ಹುಟ್ಟುಗುಣದಿಂದಲೇ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಅವರ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಜಗಳವಾಡುತ್ತಾರೆ, ಮನೆ ಕಟ್ಟುತ್ತಾರೆ. ತಮ್ಮ ಹಾಲು ಪ್ರೀಮಿಯಂ ಅಲ್ಲವೆಂದು ಆ ತಾಯಂದಿರಿಗೆ ಯಾರೂ ಹೇಳಿಲ್ಲ.

ಇನ್ನು ಡಬ್ಬದ ಮೇಲಿನ ಅಂಕಿಗಳು. ಆರು ತಿಂಗಳವರೆಗೆ 1, ಆಮೇಲೆ 2, ವರ್ಷ ತುಂಬಿದ ಮೇಲೆ 3, ಇನ್ನೂ ಮೇಲೆ 4. ಮಗು ಡಿಗ್ರಿ ಮುಗಿಸುವವರೆಗೂ ಅಂಕಿಗಳು ಸಿದ್ಧವಿರಬಹುದು. ವಿಶ್ವ ಆರೋಗ್ಯ ಸಭೆ 1986ರಲ್ಲೇ ಮುಂದಿನ ಹಂತದ ಹಾಲುಗಳು ಅನಗತ್ಯವೆಂದು ನಿರ್ಣಯ ಮಾಡಿತ್ತು. ಆರು ತಿಂಗಳಿಗೆ ರಾಗಿ ಸರಿ, ಮೆತ್ತನೆ ಅನ್ನ, ಬೇಳೆಕಟ್ಟು ಶುರುವಾದ ಮೇಲೂ ವರ್ಷದವರೆಗೆ ಒಂದನೆಯದನ್ನೇ ಮುಂದುವರಿಸಬಹುದು, ವರ್ಷ ತುಂಬಿದ ಮೇಲೆ ಮನೆಯವರು ಕುಡಿಯುವ ಹಾಲೇ ಸಾಕು ಎಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯವರ ಸಲಹೆ. ನಮ್ಮ ಡಾಕ್ಟರನ್ನು ಕೇಳಿದಾಗಲೂ ಅದನ್ನೇ ಹೇಳಿದರು, ಹೆಸರು ಬರೆಯದೆ.

ಇಷ್ಟೆಲ್ಲ ವಿವರಿಸಿ, ಅಗ್ಗದ್ದನ್ನೇ ತರೋಣ ಎಂದು ನಾನು ತೀರ್ಪು ಕೊಟ್ಟೆ. ಅಳಿಯಂದಿರ ತಲೆ ಹೌದೆಂದು ಆಡಿತು. ಅಕ್ಕನ ಮಗಳು ಮಾತ್ರ ಸುಮ್ಮನಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ಮಾಮ, ನೀವು ಹೇಳಿದ್ದೆಲ್ಲ ಅರ್ಥ ಆಯ್ತು. ಆದ್ರೂ ಒಳ್ಳೇದೇ ತರೋಣ’ ಎಂದಳು. ಅವಳೂ ಇಂಜಿನಿಯರೇ, ಲೆಕ್ಕ ಗೊತ್ತಿಲ್ಲದವಳಲ್ಲ. ತಾಯಿಯ ಹಾಲೇ ಅತ್ಯುತ್ತಮ ಎಂಬ ಆ ದಪ್ಪಕ್ಷರದ ಸಾಲಿದೆಯಲ್ಲ, ಅದನ್ನು ಕಾನೂನು ಬರೆಸಿದ್ದು ಕಂಪನಿಯ ಬಾಯಿಗೆ ಬೀಗ ಹಾಕಲು. ರಾತ್ರಿ ಎರಡು ಗಂಟೆಗೆ ಎದ್ದು ಮಂದ ಬೆಳಕಿನಲ್ಲಿ ಚಮಚ ಹುಡುಕುವ ಬಾಣಂತಿಗೆ ಅದು ತನ್ನನ್ನೇ ಗದರಿಸಿದ ಹಾಗೆ ಕೇಳಿಸುತ್ತದೆ. ನೋಡಲು ಬಂದವರೂ ಬಿಡುವುದಿಲ್ಲ. ‘ಹಾಲು ಸಾಲ್ತಿಲ್ವಾ? ಸಬ್ಬಸಿಗೆ ಸೊಪ್ಪು ತಿನ್ನಬೇಕಿತ್ತು’, ‘ಬೆಳ್ಳುಳ್ಳಿ ಹುರಿದು ತಿನ್ನಿಸಿದ್ರಾ?’, ‘ನನಗೆ ಎರಡು ಮಕ್ಕಳಿಗಾಗುವಷ್ಟಿತ್ತಪ್ಪ’. ಕೊನೆಯ ಮಾತು ಆಡುವವರು ಹಣ್ಣು ತಂದಿದ್ದರೂ ವಾಪಸು ಕಳಿಸಬೇಕೆನಿಸುತ್ತದೆ.

ದೇವರಿಗೆ ನಾವು ತಪ್ಪುಕಾಣಿಕೆ ಎಂದು ತೆಗೆದಿಡುತ್ತೇವೆ. ಹರಕೆ ತಡವಾಯಿತು, ಮಡಿಯಲ್ಲಿ ಎಡವಟ್ಟಾಯಿತು, ಏನೋ ಲೋಪವಾಯಿತೆಂಬ ಅಳುಕಿಗೆ ಒಂದಿಷ್ಟು ದುಡ್ಡನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುವುದು. ಪ್ರೀಮಿಯಂ ಡಬ್ಬದ ಹೆಚ್ಚುವರಿ ದರ ಅಂಥ ತಪ್ಪುಕಾಣಿಕೆಯೇ. ದೇವರ ತಪ್ಪುಕಾಣಿಕೆಯಲ್ಲಿ ಎಷ್ಟು ಹಾಕಬೇಕೆಂದು ನಾವೇ ತೀರ್ಮಾನಿಸುತ್ತೇವೆ. ಇಲ್ಲಿ ಎಂಆರ್‌ಪಿ ಮುದ್ರಿಸಿ ಕೊಟ್ಟಿರುತ್ತಾರೆ. ಇನ್ನೂ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ತಪ್ಪೇ ಆಗಿರುವುದಿಲ್ಲ. ಹಾಲು ಬರುವುದು ಬಾರದಿರುವುದು, ಸಾಲುವುದು ಸಾಲದಿರುವುದು ಯಾರ ಶೀಲಕ್ಕೂ ಸಂಬಂಧಿಸಿದ ಸಂಗತಿಯಲ್ಲ. ನಾನು ಪ್ರೋಟೀನಿನ ಲೆಕ್ಕ ಹೇಳಿ ಗೆದ್ದೆನೆಂದುಕೊಂಡಿದ್ದು ಅವಳು ಕೇಳದ ಪ್ರಶ್ನೆಗೆ.

ಈ ಕಾಣಿಕೆ ಮೈಸೂರಿಗೆ ಸೀಮಿತವಲ್ಲ. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2025ರ ಫೆಬ್ರುವರಿಯಲ್ಲಿ ಈ ಹಾಲಿನ ಮಾರುಕಟ್ಟೆಯ ಮೇಲೆ ವರದಿ ಕೊಟ್ಟಿತು. ಕಾನೂನಿನ ಪ್ರಕಾರ ಎಲ್ಲ ಬ್ರ್ಯಾಂಡುಗಳೂ ಮಗುವಿನ ಪೋಷಣೆಗೆ ಸಾಕಾಗುವಂಥವೇ. ಆದರೂ ದುಬಾರಿಯದ್ದು ಒಳ್ಳೆಯದಿರಬೇಕೆಂದು ತಂದೆತಾಯಂದಿರು, ಅದರಲ್ಲೂ ಹೆರಿಗೆಯ ನಂತರದ ಬಳಲಿಕೆಯಲ್ಲಿ ನಿರ್ಧಾರ ಮಾಡುವವರು, ಹೆಚ್ಚು ತೆರುತ್ತಿದ್ದಾರೆ. ಅಗ್ಗದ್ದಕ್ಕೆ ಬದಲಾಯಿಸಿದರೆ ಮಗುವಿನ ಮೊದಲ ವರ್ಷದಲ್ಲಿ ಸುಮಾರು 300 ಪೌಂಡು ಉಳಿದೀತು ಎಂದಿತು. ಆಸ್ಪತ್ರೆಗಳಲ್ಲಿ ಬ್ರ್ಯಾಂಡಿನ ಹೆಸರು ಕಾಣದ ಹಾಗೆ ಒಂದೇ ಬಗೆಯ ಸಾದಾ ಹೊದಿಕೆಯಲ್ಲಿ ಹಾಲು ಕೊಡುವುದು ಒಳ್ಳೆಯದೆಂದೂ ಸೂಚಿಸಿತು. ನಮ್ಮ ಡಾಕ್ಟರ ಚೀಟಿ ಅಲ್ಲಿಯವರಿಗಿಂತ ಮುಂದಿದೆಯೆಂದು ನನಗೆ ಸಂತೋಷವಾಯಿತು.

ಪರದೇಶದ ಡಬ್ಬವಾದರೆ ಕಾಣಿಕೆಯ ತೂಕ ಇನ್ನೂ ಹೆಚ್ಚು. ಅಳಿಯಂದಿರ ಗೆಳೆಯರೊಬ್ಬರು ಜರ್ಮನಿಯಿಂದ ಬರುವವರ ಸೂಟ್‌ಕೇಸಿನಲ್ಲಿ ಸಾವಯವ ಹಾಲಿನ ಪೆಟ್ಟಿಗೆಗಳನ್ನು ತರಿಸುತ್ತಾರಂತೆ. ಹೋಗುವಾಗ ಚಟ್ನಿಪುಡಿ, ಬರುವಾಗ ಹಾಲಿನ ಪುಡಿ. ಈ ಹುಚ್ಚಿಗೆ ಕಾರಣವಿಲ್ಲದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿನ ಪ್ರೋಟೀನು ಹೆಚ್ಚು ಕಾಣಲೆಂದು ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದು ಬಯಲಾಯಿತು. ಆರು ಕೂಸುಗಳು ಸತ್ತವು, ಮೂರು ಲಕ್ಷದಷ್ಟು ಮಕ್ಕಳು ತೊಂದರೆಗೊಳಗಾದವು. ಆ ಮೋಸ ನಡೆದದ್ದು ನಾನು ತರಗತಿಯಲ್ಲಿ ಕಲಿಸುತ್ತಿದ್ದ ಒಂದು ಪರೀಕ್ಷೆಯ ಸಂದಿನಲ್ಲಿ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ರೂಪಿಸಿದ ಆ ವಿಧಾನ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ನೈಟ್ರೋಜನ್ ಅಳೆದು ಪ್ರೋಟೀನನ್ನು ಊಹಿಸುತ್ತದೆ. ಮೆಲಮೈನಿನ ತುಂಬ ನೈಟ್ರೋಜನ್. ಅಂಕಿ ಸರಿಯಿತ್ತು, ಹಾಲು ವಿಷವಾಗಿತ್ತು. ಆಮೇಲೆ ಚೀನಾದ ತಂದೆತಾಯಂದಿರು ಹಾಂಗ್‌ಕಾಂಗಿನ ಅಂಗಡಿಗಳನ್ನು ಎಷ್ಟು ಬಳಿದರೆಂದರೆ, 2013ರ ಮಾರ್ಚ್‌ನಿಂದ ಅಲ್ಲಿಂದ ಹೊರಡುವವರು 1.8 ಕಿಲೊಗಿಂತ, ಅಂದರೆ ಎರಡು ಡಬ್ಬಕ್ಕಿಂತ, ಹೆಚ್ಚು ಒಯ್ಯಬಾರದೆಂದು ಕಾನೂನೇ ಬಂತು. ಬ್ರ್ಯಾಂಡಿನ ಮೇಲಿನ ಮೋಹವನ್ನು ಕಂಡು ನಗಬಹುದು, ಅದರಡಿಯ ಭಯವನ್ನು ಕಂಡು ನಗುವಂತಿಲ್ಲ.

ಮೋಹ ಬಿಡಿಸುವ ಇನ್ನೊಂದು ಪಾಠ ಅಮೆರಿಕದಲ್ಲಿ ನಡೆಯಿತು. 2022ರ ಫೆಬ್ರುವರಿಯಲ್ಲಿ ಮಿಶಿಗನ್ನಿನ ಸ್ಟರ್ಜಿಸ್ ಎಂಬ ಊರಿನ ಒಂದೇ ಒಂದು ಕಾರ್ಖಾನೆ ನಿಂತಿತು. ಅಷ್ಟು ದೊಡ್ಡ ದೇಶದ ಅಂಗಡಿಗಳ ಸಾಲು ಸಾಲು ಕಪಾಟುಗಳು ಖಾಲಿಯಾದವು. ಮೇ ತಿಂಗಳಲ್ಲಿ ಜರ್ಮನಿಯಿಂದ ಸೇನಾ ವಿಮಾನದಲ್ಲಿ ಹಾಲಿನ ಪುಡಿ ತರಿಸಬೇಕಾಯಿತು. ನಮ್ಮ ಎದುರು ಮನೆಯವರ ಮಗಳು ಆಗ ನ್ಯೂಜೆರ್ಸಿಯಲ್ಲಿ ಎಳೆಮಗುವಿನ ತಾಯಿ. ಅದುವರೆಗೆ ಒಂದೇ ಹೆಸರಿನದು ಆಗಬೇಕೆನ್ನುತ್ತಿದ್ದವಳು ಸಿಕ್ಕಿದ ಡಬ್ಬವನ್ನು ಎದೆಗವಚಿಕೊಂಡು ತಂದಳಂತೆ. ಮಗುವಿಗೆ ಹೆಸರು ಬದಲಾದದ್ದು ತಿಳಿಯಲೇ ಇಲ್ಲ. ಈಗ ಅವನು ಭಾನುವಾರದ ಕನ್ನಡ ತರಗತಿಗೆ ಹೋಗಿ ‘ಳ’ಕಾರದ ಜೊತೆ ಹೋರಾಡುತ್ತಿದ್ದಾನೆ.

ಅಕ್ಕನ ಮಗಳು ಬಯಸಿದ ದುಬಾರಿ ಡಬ್ಬವೇ ಮೊದಲು ಬಂದು, ನಮ್ಮ ಮನೆಯ ಹೋರಾಟ ಅಷ್ಟರಲ್ಲಿ ಅಡುಗೆಮನೆಗೆ ವರ್ಗವಾಗಿತ್ತು. ಪುಡಿ ಯಾವುದಾದರೂ ಇರಲಿ, ಅದು ಕ್ರಿಮಿಶುದ್ಧವಲ್ಲ. ನೀರು ಕುದಿಸಿ, ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ತಣ್ಣಗಾಗುವ ಮುಂಚೆ ಪುಡಿ ಹಾಕಿ ಕಲಸಿ, ಆಮೇಲೆ ಆರಿಸಿ ಕುಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರು ಮೊದಲು, ಪುಡಿ ಆಮೇಲೆ. ಡಬ್ಬದೊಳಗಿನ ಚಮಚವನ್ನೇ ಬಳಸಿ, ಮೇಲೆ ಸಮತಟ್ಟಾಗಿ ಗೀರಿ, ಡಬ್ಬದ ಮೇಲೆ ಬರೆದಷ್ಟೇ ಹಾಕಬೇಕು. ಕಲಸಿಟ್ಟದ್ದು ಎರಡು ಗಂಟೆ ದಾಟಿದರೆ ಚೆಲ್ಲಬೇಕು. ಬಾಟಲಿ ಮೂಲೆಮೂಲೆ ತೊಳೆಯಲು ಕಷ್ಟವೆಂದು ಡಾಕ್ಟರು ಲೋಟದಲ್ಲೋ ಒಳಲೆಯಲ್ಲೋ ಕುಡಿಸಿ ಎಂದಾಗ ಅಕ್ಕನ ಮುಖ ನೋಡಬೇಕಿತ್ತು. ನನ್ನನ್ನೂ ತನ್ನನ್ನೂ ಬೆಳೆಸಿದ ಬೆಳ್ಳಿ ಒಳಲೆಯನ್ನು ಟ್ರಂಕಿನಿಂದ ತೆಗೆದು, ಹುಣಸೆಹಣ್ಣಿನಲ್ಲಿ ಉಜ್ಜಿ, ಕುದಿಯುವ ನೀರಿಗೆ ಹಾಕಿ, ವಿಜ್ಞಾನವೆಂದರೆ ಇದು ಎನ್ನುವಂತೆ ನನ್ನ ಕಡೆ ನೋಡಿದಳು. ಎರಡು ಗಂಟೆಯ ನಿಯಮ ಮಾತ್ರ ಅವಳಿಗೆ ಒಗ್ಗಲಿಲ್ಲ. ಹಾಲು ಚೆಲ್ಲುವುದೆಂದರೆ ಅವಳಿಗೆ ಕೈ ಬಾರದು. ಒಂದು ಮಧ್ಯಾಹ್ನ ಮಗು ನಿದ್ದೆಹೋಗಿ ಮುಟ್ಟದೆ ಉಳಿದ ಹಾಲನ್ನು ಯಾರಿಗೂ ಹೇಳದೆ ಭಾವನವರ ಕಾಫಿಗೆ ಸುರಿದಳು. ಡಿಎಚ್‌ಎ ಸಮೇತ ಆ ಕಾಫಿ ಕುಡಿದ ಭಾವ ಅಂದು ಪೇಪರಿನ ಪದಬಂಧವನ್ನು ಒಂದು ಮನೆಯೂ ಬಿಡದಂತೆ ತುಂಬಿದರು. ಕಾಕ್ರೇನಿನವರು ಇದನ್ನು ಗಣನೆಗೆ ತೆಗೆದುಕೊಂಡಿಲ್ಲ.

ಕೊನೆಗೆ ಆಯ್ಕೆಯ ಗಂಟು ಬಿಡಿಸಿದ್ದು ಆ ಸಮತಟ್ಟಾದ ಚಮಚವೇ. ದುಬಾರಿ ಡಬ್ಬವನ್ನು ತಿಂಗಳ ಕೊನೆಯವರೆಗೆ ಎಳೆಯಬೇಕೆಂದು ಚಮಚ ಕೊಂಚ ತಗ್ಗಿಸುವುದು, ನೀರು ಕೊಂಚ ಏರಿಸುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆಂದು ಡಾಕ್ಟರು ಮಾತಿನ ನಡುವೆ ಹೇಳಿದರು. ನೀರಾದ ಹಾಲಿನಿಂದ ಮಗು ಸೊರಗುತ್ತದೆ. ನೀರು ತೀರ ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಎಲ್ಲ ಡಬ್ಬಗಳ ನಡುವೆ ಇರುವ ವ್ಯತ್ಯಾಸವನ್ನು ಕೂಡಿಸಿದರೂ ಒಂದು ಚಮಚದ ಈ ವ್ಯತ್ಯಾಸದ ಮುಂದೆ ಏನೂ ಅಲ್ಲ. ಹಾಗಾದರೆ ಒಳ್ಳೆಯ ಹಾಲು ಯಾವುದು? ಕೈ ಬಿಗಿಹಿಡಿಯದೆ ಚಮಚ ತುಂಬಬಹುದಾದದ್ದು, ರಾತ್ರಿ ಮುಗಿದರೆ ಬೆಳಿಗ್ಗೆ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವಂಥದ್ದು, ವರ್ಷ ತುಂಬುವವರೆಗೂ ಮನೆಯವರು ದರದ ಬಗ್ಗೆ ಪಿಸುಗುಟ್ಟದೆ ತರಬಹುದಾದದ್ದು. ಈ ಮಾತು ನಾನು ಹೇಳಲಿಲ್ಲ, ಅಕ್ಕನ ಮಗಳೇ ಹೇಳಿದಳು. ಹೇಳಿ, ಹಾಳೆಯಲ್ಲಿ ಮಧ್ಯಮ ದರದ ಒಂದು ಹೆಸರಿನ ಮೇಲೆ ಬೆರಳಿಟ್ಟಳು. ತಪ್ಪುಕಾಣಿಕೆಯ ಗಂಟು ಅಲ್ಲಿಗೆ ಬಿಚ್ಚಿತೋ ಇಲ್ಲವೋ, ಚಿಕ್ಕದಾದದ್ದಂತೂ ನಿಜ.

ಅಳಿಯಂದಿರು ಅಂಗಡಿಗೆ ಹೋದಾಗ ಇನ್ನೊಂದು ಗುಟ್ಟು ಹೊರಬಿತ್ತು. ಅದೇ ಪುಡಿ ತಗಡಿನ ಡಬ್ಬದಲ್ಲೂ ಬರುತ್ತದೆ, ರಟ್ಟಿನ ಪೆಟ್ಟಿಗೆಯೊಳಗಿನ ಚೀಲದಲ್ಲೂ ಬರುತ್ತದೆ; ಪೆಟ್ಟಿಗೆಯದ್ದು ಅಗ್ಗ. ನೂರು ಗ್ರಾಮಿನ ದರದ ಸಾಲು ನೆನೆದು ಹಿಗ್ಗಿ, ಅವರು ಎರಡು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಅಕ್ಕ ಬಂದು ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು, ಮೇಲೆ ಬಡಿದು ನೋಡಿದಳು. ಅವಳ ಅಡುಗೆಮನೆಯಲ್ಲಿ ಮೆಂತ್ಯ, ಹುರಿಗಡಲೆ, ಚಟ್ನಿಪುಡಿ ಕೂತಿರುವುದೆಲ್ಲ ಮನೆಯ ಮಕ್ಕಳು ಒಬ್ಬೊಬ್ಬರಾಗಿ ಕುಡಿದು ಖಾಲಿ ಮಾಡಿದ ಡಬ್ಬಗಳಲ್ಲೇ. ‘ಎಕ್ಸೆಲ್ಲಂತೆ, ಹೋಲಿಕೆಯಂತೆ’ ಎಂದಳು. ‘ಮುಚ್ಚಳ ಎಷ್ಟು ಬಿಗಿ ಅಂತ ಒಬ್ಬರಾದ್ರೂ ನೋಡಿದ್ರೇನೋ?’